ಕಥೆ ಹೆಚ್ಚೋ ಪಾತ್ರ ಹೆಚ್ಚೋ: ಪೆನ್ಸಿಲ್ ಹಿಡಿದು ತೂಗಿ ನೋಡುವ ಬಗೆ

ಒಂದೇ ಕಾದಂಬರಿ ಓದಿದ ಇಬ್ಬರು ಎದುರುಬದುರು ಕೂತರೆ ಮಾತು ಬೇಗನೆ ಒಂದು ಜಗಳಕ್ಕೆ ತಿರುಗುತ್ತದೆ. "ಕಥೆಯೇ ಇಲ್ಲ, ಇನ್ನೂರು ಪುಟದಲ್ಲಿ ಏನೂ ನಡೆಯುವುದಿಲ್ಲ" ಎನ್ನುತ್ತಾರೆ ಒಬ್ಬರು. "ನಡೆಯದಿದ್ದರೆ ಏನಂತೆ, ಆ ಹೆಂಗಸು ಕಣ್ಣ ಮುಂದೆಯೇ ಇದ್ದಾಳಲ್ಲ" ಎನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಆದರೆ ಇಬ್ಬರೂ ಮಾತಾಡುತ್ತಿರುವುದು ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿದ ಒಟ್ಟು ಅನಿಸಿಕೆಯ ಬಗ್ಗೆ. ಅನಿಸಿಕೆಯನ್ನು ತೂಗಲಾಗದು, ಪುಟವನ್ನು ತೂಗಬಹುದು. ಕಥೆ ಮುಖ್ಯವೋ ಪಾತ್ರ ಮುಖ್ಯವೋ ಎಂಬುದಕ್ಕೆ ಎಲ್ಲ ಪುಸ್ತಕಕ್ಕೂ ಒಪ್ಪುವ ಒಂದು ಉತ್ತರವಿಲ್ಲ. ಒಂದೊಂದು ಪುಸ್ತಕಕ್ಕೂ ಅದರದೇ ಉತ್ತರವಿದೆ, ಮತ್ತು ಆ ಉತ್ತರ ಸಿಗುವುದು ಯಾರಾದರೊಬ್ಬರು ಏನನ್ನಾದರೂ ನಿರ್ಧರಿಸುವ ಜಾಗಗಳಲ್ಲಿ. ಆ ಜಾಗಗಳನ್ನು ಹುಡುಕಿ, ಅಲ್ಲಿ ನಿಂತು ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಮೊದಲು ಎರಡು ಪದ

ಕಥೆ ಎಂದರೆ ನಡೆದದ್ದರ ಸಾಲು. ಕಥಾಹಂದರ ಎಂದರೆ ಆ ಸಾಲಿನಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗುವಂತೆ ಕಟ್ಟಿರುವುದು. ಈ ವ್ಯತ್ಯಾಸವನ್ನು ಎಲ್ಲರ ನೆನಪಿನಲ್ಲಿ ಉಳಿಯುವಂತೆ ಹೇಳಿದವರು ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್, 1927ರಲ್ಲಿ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಅದು ಕಥೆ. ರಾಜ ಸತ್ತ, ಆ ದುಃಖಕ್ಕೆ ರಾಣಿಯೂ ಸತ್ತಳು ಎಂದರೆ ಅದು ಹಂದರ. ಈ ಉದಾಹರಣೆಯನ್ನು ಉಲ್ಲೇಖಿಸುವ ಬಹಳ ಜನ ಒಂದು ವಿಷಯವನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಎರಡು ಸಾವುಗಳನ್ನು ಜೋಡಿಸಿದ ಪದ "ದುಃಖ". ಅದು ಘಟನೆಯಲ್ಲ, ರಾಣಿಯ ಒಳಗಿನದು. ಗಂಡ ಸತ್ತರೂ ನೆಮ್ಮದಿಯಾಗಿ ರಾಜ್ಯವಾಳುವ ರಾಣಿಯರೂ ಇರಬಹುದು, ಇವಳು ಅಂಥವಳಲ್ಲ. ಹಂದರವನ್ನು ವಿವರಿಸಲು ಹೊರಟ ವಾಕ್ಯದೊಳಗೇ ಪಾತ್ರ ಬಂದು ಕೂತಿದೆ.

ಹಂದರ ಎಂಬ ನಮ್ಮ ಪದವೂ ಇದನ್ನೇ ಸೂಚಿಸುತ್ತದೆ. ಹಂದರ ಕಟ್ಟುವುದು ಬಳ್ಳಿ ಹಬ್ಬಲಿ ಎಂದು. ಕೋಲು ದೊಡ್ಡದೋ ಬಳ್ಳಿ ದೊಡ್ಡದೋ ಎಂದು ಕೇಳುವ ಮೊದಲು, ಬಳ್ಳಿ ಕೋಲನ್ನು ಎಲ್ಲೆಲ್ಲಿ ಸುತ್ತಿ ಹಿಡಿದಿದೆ ಎಂದು ನೋಡಬೇಕು.

ಬೇಕಾಗುವ ಸಾಮಾನು

ಒಂದು ಮೆತ್ತನೆಯ ಪೆನ್ಸಿಲ್, ಗೆರೆ ಹಾಕಿದ ನೋಟ್‌ಪುಸ್ತಕ, ಪುಟಕ್ಕೆ ಸಿಕ್ಕಿಸಲು ಐದಾರು ಕಾಗದದ ಚೀಟಿ. ಮೊದಲ ಸಲಕ್ಕೆ ಕಾದಂಬರಿ ಬೇಡ. 10ರಿಂದ 20 ಪುಟದ ಒಂದು ಸಣ್ಣಕಥೆ ಆರಿಸಿಕೊಳ್ಳಿ, ಅದನ್ನು ನೀವು ಈ ಮೊದಲು ಓದಿರಬಾರದು. ಕಾದಂಬರಿಯಿಂದ ಶುರು ಮಾಡಿದವರಲ್ಲಿ ಬಹಳಷ್ಟು ಜನ ನಾಲ್ಕನೇ ಅಧ್ಯಾಯದ ಹೊತ್ತಿಗೆ ಟಿಪ್ಪಣಿ ನಿಲ್ಲಿಸಿಬಿಡುತ್ತಾರೆ, ಏಕೆಂದರೆ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ಹದ ಇನ್ನೂ ಕೈಗೆ ಬಂದಿರುವುದಿಲ್ಲ. ಸಣ್ಣಕಥೆಯಾದರೆ ಎರಡು ಸಂಜೆಯಲ್ಲಿ ಮುಗಿಯುತ್ತದೆ.

ಹಂತ 1: ಪೆನ್ಸಿಲ್ ಇಲ್ಲದೆ ಓದು, ಮೂರು ಕಡೆ ನಿಲ್ಲು

ಮೊದಲ ಓದಿನಲ್ಲಿ ಗೆರೆ ಎಳೆಯಬೇಡಿ. ಗೆರೆ ಎಳೆಯುತ್ತ ಓದುವವರು ಪರೀಕ್ಷೆಗೆ ಓದುವವರಂತೆ ಓದುತ್ತಾರೆ, ಕುತೂಹಲ ಅಲ್ಲಿಗೇ ಸಾಯುತ್ತದೆ. ಆ ಕುತೂಹಲವೇ ನಮಗೆ ಬೇಕಾದ ಮೊದಲ ಪುರಾವೆ.

ಮೂರು ಜಾಗದಲ್ಲಿ ಮಾತ್ರ ನಿಲ್ಲಿ: ಕಾಲು ಭಾಗ ಮುಗಿದಾಗ, ಅರ್ಧ ಮುಗಿದಾಗ, ಕೊನೆಯ ಒಂದೆರಡು ಪುಟಕ್ಕೆ ಮೊದಲು. ಓದು ಶುರು ಮಾಡುವ ಮುನ್ನವೇ ಪುಟ ಎಣಿಸಿ ಚೀಟಿ ಇಟ್ಟುಬಿಡಿ, ಇಲ್ಲವಾದರೆ ಓಟದಲ್ಲಿ ನಿಲ್ಲುವುದು ಮರೆತುಹೋಗುತ್ತದೆ. ನಿಂತಾಗ ಒಂದೇ ಒಂದು ಸಾಲು ಬರೆಯಿರಿ: ಈಗ ನಾನು ಯಾವುದಕ್ಕಾಗಿ ಕಾಯುತ್ತಿದ್ದೇನೆ?

ಈ ಸಾಲು ಪ್ರಶ್ನೆಯ ರೂಪದಲ್ಲಿರಲಿ. ಪ್ರಶ್ನೆಯ ವ್ಯಾಕರಣವೇ ತೂಕ ಎಲ್ಲಿದೆ ಎಂದು ಹೇಳಿಬಿಡುತ್ತದೆ. "ಮುಂದೆ ಏನಾಗುತ್ತದೆ?" ಎಂದು ಬರೆದಿದ್ದರೆ ಆ ಕ್ಷಣದಲ್ಲಿ ನಿಮ್ಮನ್ನು ಹಿಡಿದಿರುವುದು ಹಂದರ. ವಾಕ್ಯದಲ್ಲಿ ಮನುಷ್ಯರೇ ಇಲ್ಲ. "ಅವಳು ಯಾಕೆ ಹೀಗೆ?" ಎಂದಿದ್ದರೆ ಹಿಡಿದಿರುವುದು ಪಾತ್ರ. "ಅವಳು ಈಗ ಏನು ಮಾಡುತ್ತಾಳೆ?" ಎಂಬುದು ಮೂರನೆಯ ಬಗೆ. ಇಲ್ಲಿ ಮುಂದಿನ ಘಟನೆ ಅವಳ ಸ್ವಭಾವದ ಮೇಲೆ ನಿಂತಿದೆ, ಎರಡೂ ಹೆಣೆದುಕೊಂಡಿವೆ. ಮೂರು ಜಾಗದಲ್ಲಿ ಮೂರು ಬೇರೆ ಬಗೆಯ ಪ್ರಶ್ನೆ ಬಂದರೆ ಅದು ನಿಮ್ಮ ತಪ್ಪಲ್ಲ. ಬಹಳ ಕಥೆಗಳು "ಏನಾಗುತ್ತದೆ" ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ನಡುವೆ ಎಲ್ಲೋ ಸದ್ದಿಲ್ಲದೆ "ಯಾಕೆ"ಗೆ ದಾಟಿಸುತ್ತವೆ. ಆ ದಾಟು ಯಾವ ಪುಟದಲ್ಲಿ ಆಯಿತು ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

"ಇದು ಯಾವಾಗ ಮುಗಿಯುತ್ತದೆ" ಎಂದು ಬರೆಯಬೇಕೆನಿಸಿದರೆ ಅದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಕಾರಣ ಮುಂದಿನ ಹಂತದಲ್ಲಿ ಹೆಚ್ಚಾಗಿ ಸಿಗುತ್ತದೆ.

ಹಂತ 2: ಘಟನೆಗಳ ಪಟ್ಟಿ, ಮತ್ತು ನಡುವಿನ ಕೊಂಡಿ

ಮರುದಿನ ಕಥೆಯನ್ನು ಮತ್ತೆ ಕೈಗೆತ್ತಿಕೊಂಡು ಘಟನೆಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಸಣ್ಣಕಥೆಗೆ 10ರಿಂದ 15 ಸಾಲು ಸಾಕು. ಸಾಲು 30 ದಾಟಿತೆಂದರೆ ನೀವು ವರ್ಣನೆಯನ್ನೂ ಘಟನೆಯೆಂದು ಎಣಿಸುತ್ತಿದ್ದೀರಿ. ಘಟನೆಗೆ ಒಂದು ಒರೆಗಲ್ಲು ಇದೆ: ಅದಾದ ಮೇಲೆ ಪರಿಸ್ಥಿತಿ ಮೊದಲಿನ ಹಾಗೆ ಇರಲು ಸಾಧ್ಯವಿಲ್ಲ. ಮಳೆ ಬಂತು ಎನ್ನುವುದು ಘಟನೆಯಲ್ಲ. ಮಳೆಯಿಂದ ಸೇತುವೆ ಕೊಚ್ಚಿಹೋಗಿ ಅಣ್ಣ ಆಚೆ ದಡದಲ್ಲೇ ಉಳಿದ ಎನ್ನುವುದು ಘಟನೆ. ಇಬ್ಬರು ಮೌನವಾಗಿ ಊಟ ಮಾಡಿದರು ಎನ್ನುವುದು ಹೆಚ್ಚಿನ ಕಥೆಗಳಲ್ಲಿ ಘಟನೆಯಲ್ಲ, ಕೆಲವು ಕಥೆಗಳಲ್ಲಿ ಅದೇ ದೊಡ್ಡ ಘಟನೆ. ಕಾದಂಬರಿಕಾರ ಹೆನ್ರಿ ಜೇಮ್ಸ್ 1884ರ ಒಂದು ಪ್ರಬಂಧದಲ್ಲಿ ಇದೇ ಮಾತನ್ನು ಎತ್ತುತ್ತಾರೆ. ಒಬ್ಬ ಹೆಣ್ಣು ಮೇಜಿನ ಮೇಲೆ ಕೈಯೂರಿ ಎದ್ದು ನಿಂತು ಒಂದು ಬಗೆಯಲ್ಲಿ ನೋಡಿದರೆ ಅದೂ ಘಟನೆಯೇ, ಅಲ್ಲವೆಂದರೆ ಮತ್ತೇನೆಂದು ಹೇಳುವುದು ಕಷ್ಟ ಎನ್ನುತ್ತಾರೆ. ಪಾತ್ರ ಎಂದರೆ ಘಟನೆಯನ್ನು ನಿರ್ಧರಿಸುವುದು, ಘಟನೆ ಎಂದರೆ ಪಾತ್ರವನ್ನು ತೋರಿಸುವುದು ಎಂಬ ಅವರ ಮಾತು ಬಂದದ್ದೂ ಅದೇ ಪ್ರಬಂಧದಲ್ಲಿ.

ಪಟ್ಟಿ ಆದ ಮೇಲೆ ಪ್ರತಿ ಎರಡು ಸಾಲುಗಳ ನಡುವೆ ಈ ಮೂರರಲ್ಲಿ ಒಂದು ಪದ ಬರೆಯಿರಿ: ಆಮೇಲೆ, ಆದ್ದರಿಂದ, ಆದರೆ. ಬರೆದು ಎಣಿಸಿ. 12 ಘಟನೆಗೆ 11 ಕೊಂಡಿ ಇರುತ್ತದೆ. ಅದರಲ್ಲಿ ಏಳೆಂಟು "ಆದ್ದರಿಂದ" ಮತ್ತು "ಆದರೆ" ಆಗಿದ್ದರೆ ಹಂದರ ಬಿಗಿಯಾಗಿದೆ. ಏಳೆಂಟು "ಆಮೇಲೆ"ಯೇ ಆಗಿದ್ದರೆ ಎರಡು ಸಾಧ್ಯತೆ: ಕಟ್ಟುವಿಕೆ ಸಡಿಲವಾಗಿದೆ, ಅಥವಾ ಲೇಖಕರು ತೂಕವನ್ನು ಬೇಕೆಂದೇ ಬೇರೆ ಕಡೆ ಇಟ್ಟಿದ್ದಾರೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಮೊದಲ ಹಂತದ ಮೂರು ಪ್ರಶ್ನೆಗಳನ್ನು ನೋಡಿ. "ಯಾಕೆ" ಎಂಬ ಪ್ರಶ್ನೆ ಅಲ್ಲಿ ಗಟ್ಟಿಯಾಗಿ ಇದ್ದರೆ ಎರಡನೆಯದು. "ಯಾವಾಗ ಮುಗಿಯುತ್ತದೆ" ಎಂದು ಇದ್ದರೆ ಬಹುಶಃ ಮೊದಲನೆಯದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಓದುವವರು ತಾವೇ "ಆದ್ದರಿಂದ"ವನ್ನು ಸೇರಿಸಿಬಿಡುವುದು. ಎರಡು ಸಂಗತಿ ಪಕ್ಕಪಕ್ಕ ಬಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದುಕೊಳ್ಳುವುದು ಮನಸ್ಸಿನ ಚಾಳಿ. ಆ ಕಾರಣ ಪುಟದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ "ಆಮೇಲೆ" ಎಂದೇ ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕೆಲವು ಲೇಖಕರು ಆ ಜಾಗವನ್ನು ನಾವೇ ತುಂಬಲಿ ಎಂದು ಖಾಲಿ ಬಿಟ್ಟಿರುತ್ತಾರೆ. ಅಂಥ ಚಿಹ್ನೆ ನಾಲ್ಕೈದು ಬಂದ ಕಥೆ ಎರಡನೇ ಓದಿಗೆ ಚೆನ್ನಾಗಿ ಒದಗುತ್ತದೆ.

ಘಟನೆ ನಡೆದ ಕ್ರಮ, ಹೇಳಿದ ಕ್ರಮ ಎರಡೂ ಬೇರೆಯಾಗಿದ್ದರೆ ಸಾಲಿನ ಎಡಕ್ಕೆ ಒಂದು ಸಂಖ್ಯೆ, ಬಲಕ್ಕೆ ಒಂದು ಸಂಖ್ಯೆ ಹಾಕಿಕೊಳ್ಳಿ. ಯಾವ ಘಟನೆಯನ್ನು ತಡವಾಗಿ ಹೇಳಿದ್ದಾರೋ ಅದು ಏನನ್ನು ಬಚ್ಚಿಟ್ಟಿತ್ತು ಎಂದು ಕೇಳಿಕೊಳ್ಳಿ. ಬಚ್ಚಿಟ್ಟದ್ದು ಮಾಹಿತಿಯಾದರೆ ಅದು ಹಂದರದ ಕೆಲಸ. ಬಚ್ಚಿಟ್ಟದ್ದು ಒಬ್ಬರ ನಾಚಿಕೆ ಅಥವಾ ಭಯವಾದರೆ ತೂಕ ಪಾತ್ರದ ಕಡೆ ವಾಲುತ್ತದೆ.

ಹಂತ 3: ಕೊಂಡಿ ಎಲ್ಲಿಂದ ಬಂತು

ಈಗ ಪ್ರತಿ "ಆದ್ದರಿಂದ" ಮತ್ತು "ಆದರೆ"ಯ ಪಕ್ಕ "ಹೊ" ಅಥವಾ "ಒ" ಎಂದು ಬರೆಯಿರಿ. ಹೊರಗಿನಿಂದ ಬಂದದ್ದು "ಹೊ": ಅಪಘಾತ, ರೋಗ, ಯುದ್ಧ, ತಪ್ಪು ವಿಳಾಸಕ್ಕೆ ತಲುಪಿದ ಕಾಗದ, ಬೇರೆಯವರ ಸಾವು. ಒಬ್ಬರ ಆಯ್ಕೆಯಿಂದ ಬಂದದ್ದು "ಒ": ಕಾಗದವನ್ನು ಹಿಂತಿರುಗಿಸದೆ ಒಡೆದು ಓದಿದ್ದು, ಸುಳ್ಳು ಹೇಳಿದ್ದು, ಹೇಳಬೇಕಾದದ್ದನ್ನು ಹೇಳದೆ ಉಳಿದದ್ದು. ಏನೂ ಮಾಡದೆ ಸುಮ್ಮನಿರುವುದೂ ಆಯ್ಕೆಯೇ. ಇದನ್ನು ಮರೆಯುವವರು ಅಂಜುಬುರುಕ ನಾಯಕರ ಕಥೆಗಳನ್ನು ಪೂರ್ತಿ ತಪ್ಪಾಗಿ ಓದುತ್ತಾರೆ.

"ಹೊ"ಗಳು ಆರಂಭದಲ್ಲಿ ಗುಂಪುಗೂಡಿದ್ದರೆ ತೊಂದರೆಯಿಲ್ಲ. ಕಥೆ ಶುರುವಾಗಲು ಹೊರಗಿನಿಂದ ಒಂದು ಏಟು ಬೇಕೇ ಬೇಕು. ಆಕಸ್ಮಿಕವು ಮನುಷ್ಯರನ್ನು ಕಷ್ಟಕ್ಕೆ ಸಿಕ್ಕಿಸಿದರೆ ನಾವು ಒಪ್ಪುತ್ತೇವೆ, ಅದೇ ಆಕಸ್ಮಿಕ ಕಷ್ಟದಿಂದ ಬಿಡಿಸಿದರೆ ಮೋಸ ಹೋದಂತೆ ಅನಿಸುತ್ತದೆ. ಕಡೆಯ ಮೂರು ಕೊಂಡಿಗಳಲ್ಲಿ "ಹೊ" ಬಂದಿದ್ದರೆ ಅದರ ಕೆಳಗೆ ಎರಡು ಗೆರೆ ಎಳೆಯಿರಿ. ಮುಕ್ತಾಯ ಯಾಕೋ ಸಪ್ಪೆ ಎನಿಸಿದ್ದಕ್ಕೆ ಕಾರಣ ಹತ್ತರಲ್ಲಿ ಬಹುಪಾಲು ಅಲ್ಲಿಯೇ ಇರುತ್ತದೆ. ನಾಟಕದ ಗಂಟನ್ನು, ರಂಗದ ಮೇಲೆ ಯಂತ್ರದಿಂದ ಇಳಿಸಿದ ದೇವರು ಕೊನೆಗೆ ಬಂದು ಬಿಚ್ಚಬಾರದು, ಅದು ಹಂದರದೊಳಗಿನಿಂದಲೇ ಬಿಚ್ಚಿಕೊಳ್ಳಬೇಕು ಎಂದು ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಆಕ್ಷೇಪಿಸಿದ್ದ.

ಹಂತ 4: ಪಾತ್ರಕ್ಕೆ ನಾಲ್ಕು ಕಂಬ

ಹೆಚ್ಚೆಂದರೆ ಇಬ್ಬರನ್ನು ಆರಿಸಿ. ಒಬ್ಬೊಬ್ಬರಿಗೂ ಒಂದು ಪುಟವನ್ನು ಉದ್ದಕ್ಕೆ ನಾಲ್ಕು ಕಂಬವಾಗಿ ಮಡಚಿಕೊಳ್ಳಿ: ತನ್ನ ಬಗ್ಗೆ ತಾನು ಹೇಳಿಕೊಂಡದ್ದು, ಬೇರೆಯವರು ಹೇಳಿದ್ದು, ನಿರೂಪಕರು ಹೇಳಿದ್ದು, ಕೊನೆಗೆ ಮಾಡಿದ್ದು. ಪ್ರತಿ ಕಂಬಕ್ಕೂ ಮೂರು ನಾಲ್ಕು ನಮೂದು, ಪುಟಸಂಖ್ಯೆಯೊಂದಿಗೆ.

ಒಂದು ನಿಯಮವಿದೆ. "ಒಳ್ಳೆಯವಳು", "ಸ್ವಾರ್ಥಿ", "ಮುಗ್ಧ" ಇಂಥ ಗುಣವಾಚಕಗಳನ್ನು ಬರೆಯಬೇಡಿ. ಅವು ನಿಮ್ಮ ತೀರ್ಪುಗಳು. "ಪುಟ 7: ಅಕ್ಕ ಕೇಳಿದಾಗ ದುಡ್ಡಿಲ್ಲ ಎಂದಳು, ಪುಟ 9ರಲ್ಲಿ ಅದೇ ಚೀಲದಿಂದ ನೋಟು ತೆಗೆದಳು" ಎಂಬಂತೆ ಬರೆಯಿರಿ. ಎತ್ತರ, ಬಣ್ಣ, ಉಡುಪು ಇವೂ ಬೇಡ. ಅದು ಪಾತ್ರದ ರೂಪ, ಪಾತ್ರವಲ್ಲ.

ಬರೆದು ಮುಗಿದ ಮೇಲೆ ನಾಲ್ಕನೇ ಕಂಬವನ್ನು ಮೊದಲ ಮೂರರ ಪಕ್ಕ ಇಟ್ಟು ನೋಡಿ. ಎಲ್ಲ ಕಂಬವೂ ಒಂದೇ ಮಾತು ಹೇಳುತ್ತಿದ್ದರೆ ಅದು ಫಾರ್ಸ್ಟರ್ ಹೇಳುವ ಚಪ್ಪಟೆ ಪಾತ್ರ. ಕಂಬಗಳ ನಡುವೆ ಬಿರುಕು ಇದ್ದು, ಆ ಬಿರುಕನ್ನು ನಾವು ನಂಬಿದರೆ ದುಂಡು ಪಾತ್ರ. ಅವರ ಒರೆಗಲ್ಲು ಸರಳವಾಗಿದೆ: ನಂಬುವ ಹಾಗೆ ಅಚ್ಚರಿಪಡಿಸಬಲ್ಲುದೇ? ಅಚ್ಚರಿಯನ್ನೇ ಕೊಡದಿದ್ದರೆ ಚಪ್ಪಟೆ, ಅಚ್ಚರಿ ಕೊಟ್ಟರೂ ನಂಬಿಸದಿದ್ದರೆ ದುಂಡಿನ ವೇಷ ಹಾಕಿದ ಚಪ್ಪಟೆ. ಚಪ್ಪಟೆ ಎನ್ನುವುದು ಬೈಗುಳ ಎಂದು ತಿಳಿಯುವುದು ದೊಡ್ಡ ತಪ್ಪು. ಕಥೆಯ ಎಲ್ಲ ಹನ್ನೆರಡು ಜನರೂ ದುಂಡಾಗಿದ್ದರೆ ಓದುವವರಿಗೆ ಕಾಲಿಡಲು ಜಾಗವಿರುವುದಿಲ್ಲ.

ನಿರೂಪಕ "ನಾನು" ಎಂದು ಹೇಳುವ ಕಥೆಯಲ್ಲಿ ಎಚ್ಚರ ಬೇಕು. ಅಲ್ಲಿ ನಾಲ್ಕೂ ಕಂಬ ಒಂದೇ ಬಾಯಿಂದ ಬರುತ್ತವೆ. "ಅವರೆಲ್ಲ ನನ್ನನ್ನು ತುಂಬ ಹಚ್ಚಿಕೊಂಡಿದ್ದರು" ಎಂದು ಅವನು ಹೇಳಿದರೆ ಅದು "ಬೇರೆಯವರು ಹೇಳಿದ್ದು" ಅಲ್ಲ, "ತಾನು ಹೇಳಿಕೊಂಡದ್ದು". ಸಂಭಾಷಣೆಯ ಉದ್ಧರಣ ಚಿಹ್ನೆಯೊಳಗಿನ ಮಾತು, ಅವನು ಗಮನಿಸದೆ ದಾಟಿಸಿಬಿಟ್ಟ ಸಣ್ಣ ವಿವರ, ಇವಷ್ಟೇ ನಿಮಗೆ ಸಾಕ್ಷಿ.

ಹಂತ 5: ನಿರ್ಧಾರದ ಜಾಗದಲ್ಲಿ ಅದಲು ಬದಲು

ಇಡೀ ಕ್ರಮದ ತಿರುಳು ಇಲ್ಲಿದೆ, ಸಮಯ ಹೆಚ್ಚು ಕೊಡಬೇಕಾದದ್ದೂ ಇಲ್ಲಿಗೇ. "ಒ" ಎಂದು ಗುರುತಿಸಿದ ಕೊಂಡಿಗಳಲ್ಲಿ ಎಲ್ಲಕ್ಕಿಂತ ಭಾರವಾದ ಒಂದನ್ನು ಆರಿಸಿ, ಆ ಪ್ಯಾರಾವನ್ನು ನೋಟ್‌ಪುಸ್ತಕಕ್ಕೆ ಕೈಯಲ್ಲೇ ನಕಲು ಮಾಡಿ. ಬರೆಯುವಾಗ ಕಣ್ಣಿಗೆ ಬೀಳುವಷ್ಟು ಓದುವಾಗ ಬೀಳುವುದಿಲ್ಲ. ಕ್ರಮವನ್ನು ತೋರಿಸಲೆಂದೇ ಇಲ್ಲೊಂದು ತುಣುಕನ್ನು ಬರೆದಿದ್ದೇವೆ:

"ಗಡಿಯಾರದ ಹಿಂದಿನ ಮುಚ್ಚಳ ತೆಗೆದಾಗ ಮಡಚಿದ ಕಾಗದದ ಚೂರೊಂದು ಮೇಜಿನ ಮೇಲೆ ಬಿತ್ತು. ಆತ ಅದನ್ನು ಚಿಮಟದಲ್ಲಿ ಹಿಡಿದು ಬದಿಗಿಟ್ಟ. ಧೂಳು ಒರೆಸಿದ, ಸ್ಪ್ರಿಂಗ್ ಬದಲಿಸಿದ, ಕೀ ಕೊಟ್ಟು ಕಿವಿಗೆ ಹಿಡಿದ. ದೀಪ ಆರಿಸುವ ಹೊತ್ತಿಗೆ ಕಾಗದ ಬಿಡಿಸಿತ್ತು, ಯಾವಾಗ ಬಿಡಿಸಿದೆನೆಂದು ಅವನಿಗೆ ನೆನಪಿರಲಿಲ್ಲ. ಮರುದಿನ ಗಡಿಯಾರದವಳು ಬಂದು 'ಒಳಗೆ ಏನಾದರೂ ಇತ್ತೇ?' ಎಂದು ಕೇಳಿದಳು. 'ಧೂಳಿತ್ತಮ್ಮ' ಎಂದ."

ಘಟನೆಗಳು ನಾಲ್ಕು. ಕಾಗದ ಬಿತ್ತು: ಹೊರಗಿನದು. ಬದಿಗಿಟ್ಟ: ಆಯ್ಕೆ. ಬಿಡಿಸಿದ: ಇದೂ ಆಯ್ಕೆ, ಆದರೆ ವಾಕ್ಯ "ಬಿಡಿಸಿದ" ಎನ್ನದೆ "ಬಿಡಿಸಿತ್ತು" ಎಂದು ಕರ್ತೃವನ್ನೇ ಮರೆಮಾಡಿದೆ. ತಾನು ಮಾಡಿದ್ದನ್ನು ತಾನೇ ಕಾಣದಿರುವ ಅವನ ಅಭ್ಯಾಸಕ್ಕೆ ನಿರೂಪಣೆಯೂ ಕೈಜೋಡಿಸಿದೆ. ಸುಳ್ಳು ಹೇಳಿದ: ಆಯ್ಕೆ. ಸುಳ್ಳಿನ ಕೊನೆಗೆ ಅಂಟಿದ "ಅಮ್ಮ" ಗಮನಿಸಿ. ಆ ಮರ್ಯಾದೆಯ ಮಾತೇ ಸುಳ್ಳಿಗೆ ಹೊದಿಕೆ. "ಧೂಳಿತ್ತು" ಎಂದಷ್ಟೇ ಇದ್ದಿದ್ದರೆ ಬೇರೆಯೇ ಮನುಷ್ಯ. ಅದೂ ಅಲ್ಲದೆ, ಧೂಳು ನಿಜವಾಗಿಯೂ ಇತ್ತು. ಹೇಳಿದ್ದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಅವನಿಗೆ ಅಷ್ಟು ಸಾಕು.

ಈಗ ಮೊದಲ ಬದಲು: ಘಟನೆಯನ್ನು ಹಾಗೆಯೇ ಇಟ್ಟು ಮನುಷ್ಯನನ್ನು ಬದಲಿಸಿ. ಅವನ ಜಾಗದಲ್ಲಿ ಕೆಲಸ ಕಲಿಯಲು ಬಂದ ಚುರುಕು ಹುಡುಗನೊಬ್ಬ ಇದ್ದಾನೆ ಎನ್ನಿ. ಕಾಗದ ಬಿದ್ದ ಕೂಡಲೇ ಓದುತ್ತಾನೆ, ಮರುದಿನ ಅವಳ ಕೈಗೆ ಕೊಡುತ್ತಾನೆ. ಸುಳ್ಳು ಹುಟ್ಟುವುದೇ ಇಲ್ಲ, ಕಥೆ ಅಲ್ಲಿಗೇ ನಿಲ್ಲುತ್ತದೆ ಅಥವಾ ಪೂರ್ತಿ ಬೇರೆ ದಾರಿ ಹಿಡಿಯುತ್ತದೆ. ಎರಡನೇ ಬದಲು: ಮನುಷ್ಯನನ್ನು ಹಾಗೆಯೇ ಇಟ್ಟು ಘಟನೆ ಬದಲಿಸಿ. ಕಾಗದ ಬೀಳಲಿಲ್ಲ, ಅವಳು ಕೂಲಿಗಿಂತ ಒಂದು ನೋಟು ಹೆಚ್ಚು ಕೊಟ್ಟು ಹೋದಳು. ಆತ ಅದನ್ನು ಬದಿಗಿಡುತ್ತಾನೆ, ಸಂಜೆಗೆ ಅದು ಡ್ರಾಯರಿನಲ್ಲಿರುತ್ತದೆ, ಯಾವಾಗ ಹಾಕಿದೆನೆಂದು ನೆನಪಿರುವುದಿಲ್ಲ. ಅದೇ ಮನುಷ್ಯ ಮತ್ತೆ ಸಿಗುತ್ತಾನೆ. ಮೊದಲ ಬದಲಿಗೆ ಕಥೆ ಮುರಿದು, ಎರಡನೆಯದಕ್ಕೆ ಉಳಿದರೆ ತೂಕ ಪಾತ್ರದ ಮೇಲಿದೆ.

ಇದಕ್ಕೆ ಎದುರಾಗಿ ಇನ್ನೊಂದು ಸನ್ನಿವೇಶ. ದಡದಲ್ಲಿ ಮೂವರು, ಕೊನೆಯ ದೋಣಿಯಲ್ಲಿ ಇಬ್ಬರಿಗಷ್ಟೇ ಜಾಗ, ನೀರು ಏರುತ್ತಿದೆ. ಆ ಮೂವರನ್ನು ತೆಗೆದು ಬೇರೆ ಯಾವ ಮೂವರನ್ನು ನಿಲ್ಲಿಸಿದರೂ ಓದುವವರ ಉಸಿರು ಬಿಗಿಯುತ್ತದೆ. ದೋಣಿಯ ಜಾಗವನ್ನು ಮೂರಕ್ಕೆ ಏರಿಸಿನೋಡಿ, ಕಥೆ ಇಲ್ಲವಾಗುತ್ತದೆ. ಇಲ್ಲಿ ತೂಕ ಹಂದರದ್ದು. ಆದರೆ ಯಾರು ಉಳಿದರು ಎಂಬುದು ತೀರ್ಮಾನವಾಗುವ ಸಾಲಿಗೆ ಬಂದಾಗ ಬದಲಿಸುವ ಆಟವನ್ನು ಮತ್ತೆ ಆಡಿ. ಅಲ್ಲಿ ತಕ್ಕಡಿ ತಿರುಗಬಹುದು. ಹಾಗಾಗಿ ಒಂದೇ ಕಡೆ ತೂಗಿ ಇಡೀ ಪುಸ್ತಕಕ್ಕೆ ತೀರ್ಪು ಕೊಡಬೇಡಿ, ಕನಿಷ್ಠ ಮೂರು ನಿರ್ಧಾರದ ಜಾಗದಲ್ಲಿ ತೂಗಿ.

ಬದಲಿಸುವಾಗ ಕೈತಪ್ಪುವುದು ಒಂದು ಕಡೆ: ಹೆಸರು, ವಯಸ್ಸು, ಕಸುಬು ಬದಲಿಸಿ ಸ್ವಭಾವವನ್ನು ಹಾಗೆಯೇ ಉಳಿಸಿಕೊಳ್ಳುವುದು. ಗಡಿಯಾರ ರಿಪೇರಿಯವನ ಬದಲು ಹೊಲಿಗೆಯವನನ್ನು ತಂದು, ಅವನೂ ಕಾಗದವನ್ನು ಬದಿಗಿಟ್ಟ ಎಂದರೆ ನೀವು ಏನನ್ನೂ ಬದಲಿಸಿಲ್ಲ. ಬದಲಾಗಬೇಕಾದದ್ದು ಆತ ಏನನ್ನು ಬಯಸುತ್ತಾನೆ, ಯಾವುದಕ್ಕೆ ಹೆದರುತ್ತಾನೆ, ಯಾವುದನ್ನು ಎಂದಿಗೂ ಮಾಡಲಾರ ಎಂಬ ಮೂರರಲ್ಲಿ ಒಂದಾದರೂ.

ಹಂತ 6: ಎರಡನೇ ಓದು, ಐದು ಜಾಗ ಮಾತ್ರ

ಒಂದು ವಾರ ಬಿಟ್ಟು ಮೊದಲ ಪುಟ, ಮೂರು ನಿರ್ಧಾರದ ಜಾಗ, ಕೊನೆಯ ಪುಟ ಇವಿಷ್ಟನ್ನೇ ಓದಿ. ಮುಂದೇನು ಎಂದು ಗೊತ್ತಿದ್ದೂ ಓದುವುದರಿಂದ ಹಂದರದ ಸೆಳೆತ ಈಗ ತಗ್ಗಿರುತ್ತದೆ. ಉಳಿದ ಸೆಳೆತ ಎಲ್ಲಿಂದ ಬರುತ್ತಿದೆ ಎಂದು ನೋಡಿ. ಬಹುಮಟ್ಟಿಗೆ ಅದು ಪಾತ್ರದ್ದು, ಕೆಲವೊಮ್ಮೆ ಭಾಷೆಯದು. ಕೆಲವು ಅಚ್ಚುಕಟ್ಟಾದ ಕಥೆಗಳಲ್ಲಿ ಕಟ್ಟಿದ ಕೈಚಳಕವೇ ಈಗ ಎದ್ದು ಕಾಣುತ್ತದೆ. ಮೊದಲ ಪುಟದಲ್ಲೇ ಬಿತ್ತಿದ್ದ ಒಂದು ಸಣ್ಣ ಸುಳಿವು ಆಗ ಕಣ್ಣಿಗೆ ಬಿದ್ದಿರಲಿಲ್ಲ. ಹಾಗಾಗಿ ಮತ್ತೆ ಓದಿದರೆ ಉಳಿಯುವುದು ಪಾತ್ರವೊಂದೇ ಎಂದು ಸಾಮಾನ್ಯವಾಗಿ ಹೇಳುವ ಮಾತನ್ನು ಪೂರ್ತಿ ಒಪ್ಪಲು ಆಗುವುದಿಲ್ಲ. ಆದರೂ ವರ್ಷಗಳ ಮೇಲೆ ನೆನಪಿಗೆ ಬರುವುದರಲ್ಲಿ ಪಾತ್ರದ ಪಾಲೇ ದೊಡ್ಡದು ಎಂಬುದು ನಮ್ಮ ತೀರ್ಮಾನ. ಏನಾಯಿತು ಎಂಬುದು ಮಸುಕಾದರೂ ಒಬ್ಬರು ಒಂದು ಇಕ್ಕಟ್ಟಿನಲ್ಲಿ ನಡೆದುಕೊಂಡ ರೀತಿ ಮಸುಕಾಗುವುದಿಲ್ಲ. ಆ ಇಕ್ಕಟ್ಟನ್ನು ಒದಗಿಸಿದ್ದು ಹಂದರವೇ.

ಪುಸ್ತಕದ ಜಾತಿ ನೋಡಿ ಅಳತೆಗೋಲು

ಪಾತ್ರಗಳಲ್ಲಿ ಆಳವಿಲ್ಲ ಎಂದು ಪತ್ತೇದಾರಿ ಕಾದಂಬರಿಯನ್ನು ದೂರುವವರಿದ್ದಾರೆ. ಆ ಪ್ರಕಾರದ ಕೀಲು ಎಲ್ಲಿದೆ ಎಂದು ಅವರು ಯೋಚಿಸಿಲ್ಲ. ಐದು ಜನ ಶಂಕಿತರಲ್ಲಿ ಒಬ್ಬಳ ಮನಸ್ಸನ್ನು ಒಳಗಿನಿಂದ ಪೂರ್ತಿ ತೋರಿಸಿದರೆ ಅವಳು ಕೊಂದಳೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಎಲ್ಲರನ್ನೂ ಹೊರಗಿನಿಂದ ನೋಡಿದರೆ ಮಾತ್ರ ಒಗಟು ಉಳಿಯುತ್ತದೆ. ಈ ಪ್ರಕಾರದ ಮೊದಲ ಕಥೆ ಎಂದು ಸಾಮಾನ್ಯವಾಗಿ ಎಣಿಸುವುದು ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ಕಥೆಯನ್ನು. ಅದರಲ್ಲಿ ಕಥೆ ಹೇಳುವ ಗೆಳೆಯನಿಗೆ ಹೆಸರೂ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಸುಳಿವುಗಳು ನ್ಯಾಯವಾಗಿ ಕಣ್ಣ ಮುಂದೆ ಇದ್ದವೇ ಎಂಬುದು.

ಜನಪದ ಕಥೆಗೂ ಹೀಗೆಯೇ. ಜನಪದ ಕಥೆಗಳ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯದ ನೂರು ಮಾಯಾಕಥೆಗಳನ್ನು ಬಿಡಿಸಿ ನೋಡಿ, ಅವೆಲ್ಲವೂ 31 ಬಗೆಯ ಕಾರ್ಯಗಳಲ್ಲಿ, 7 ಬಗೆಯ ಪಾತ್ರಗಳಲ್ಲಿ ಅಡಕವಾಗುತ್ತವೆ ಎಂದು ತೋರಿಸಿದರು. ರಾಜಕುಮಾರನ ಹೆಸರು ಬದಲಾಗುತ್ತದೆ, ಮಾಡುವ ಕೆಲಸ ಬದಲಾಗುವುದಿಲ್ಲ. ಇಲ್ಲಿ ನಾಲ್ಕು ಕಂಬ ಹಾಕಿ ಕೂತರೆ ಖಾಲಿ ಕಾಗದ ಸಿಗುತ್ತದೆ.

ಇನ್ನೊಂದು ತುದಿಯಲ್ಲಿ ಒಬ್ಬರ ಮನಸ್ಸಿನೊಳಗೇ ಸಾಗುವ ಕಾದಂಬರಿಗಳಿವೆ. ಅವುಗಳಲ್ಲಿ ಹಂದರ ಇಲ್ಲವೆಂದಲ್ಲ, ತೆಳ್ಳಗಿರುತ್ತದೆ. ಒಂದು ದಿನ ಮುಗಿಯಬೇಕು, ಒಬ್ಬರು ಬರಬೇಕು, ಒಂದು ಮಾತು ಹೇಳಬೇಕು, ಅಷ್ಟೇ. ಆ ತೆಳು ದಾರ ಯಾವುದು ಎಂದು ಮೊದಲ 30 ಪುಟದೊಳಗೆ ಹುಡುಕಿಕೊಳ್ಳಿ. ಅದು ಸಿಗದೆ ಮುಂದೆ ಹೋದವರೇ "ಏನೂ ನಡೆಯುವುದಿಲ್ಲ" ಎಂದು ಪುಸ್ತಕ ಕೆಳಗಿಡುವುದು.

ನಾಟಕದ ಮಾತು ಬೇರೆ. ಅರಿಸ್ಟಾಟಲ್ ಹಂದರವನ್ನು ದುರಂತ ನಾಟಕದ ಆತ್ಮ ಎಂದ, ಪಾತ್ರಕ್ಕೆ ಎರಡನೇ ಸ್ಥಾನ ಕೊಟ್ಟ. ಭರತನ ನಾಟ್ಯಶಾಸ್ತ್ರ ಇತಿವೃತ್ತವನ್ನು, ಅಂದರೆ ಕಥಾವಸ್ತುವನ್ನು, ನಾಟ್ಯದ ಶರೀರ ಎನ್ನುತ್ತದೆ. ಒಬ್ಬರಿಗೆ ಆತ್ಮ, ಇನ್ನೊಬ್ಬರಿಗೆ ಶರೀರ. ನಾಟ್ಯಶಾಸ್ತ್ರದಲ್ಲಿ ಎಲ್ಲವೂ ರಸದ ಕಡೆಗೆ ಹರಿಯುವುದರಿಂದ ಈ ವ್ಯತ್ಯಾಸ. ಆದರೆ ಇಬ್ಬರೂ ಮಾತಾಡಿದ್ದು ರಂಗದ ಬಗ್ಗೆ. ಅಲ್ಲಿ ನಟನ ಮೈ, ದನಿ, ಕಣ್ಣು ಪಾತ್ರದ ಅರ್ಧ ಕೆಲಸವನ್ನು ಮಾಡಿಬಿಡುತ್ತವೆ. ಪುಟದ ಮೇಲೆ ಆ ನೆರವಿಲ್ಲ, ಎಲ್ಲವನ್ನೂ ವಾಕ್ಯವೇ ಮಾಡಬೇಕು. ಅವರ ತೀರ್ಪನ್ನು ಹಾಗೆಯೇ ಎತ್ತಿ ಕಾದಂಬರಿಗೆ ಹಾಕುವುದು ಸರಿಯಲ್ಲ.

ತೀರ್ಪು ತಪ್ಪುವ ಜಾಗಗಳು

ಇಷ್ಟವಾದ ಪಾತ್ರವನ್ನೇ ಚೆನ್ನಾಗಿ ಚಿತ್ರಿತವಾದ ಪಾತ್ರ ಎಂದುಕೊಳ್ಳುವುದು ಮೊದಲನೆಯದು. ಮನೆಗೆ ಕರೆಯಲು ಮನಸ್ಸಾಗದ ಮನುಷ್ಯ ಪುಟದ ಮೇಲೆ ಅದ್ಭುತವಾಗಿ ಜೀವಂತವಾಗಿರಬಹುದು. ಕೊನೆಯ ತಿರುವಿನ ಬೆಳಕಿನಲ್ಲಿ ಇಡೀ ಪುಸ್ತಕವನ್ನು ಅಳೆಯುವುದು ಇನ್ನೊಂದು. ತಿರುವು ಓದಿದ ದಿನವೇ ಅಭಿಪ್ರಾಯ ಬರೆಯಬೇಡಿ, ಎರಡು ದಿನ ಬಿಡಿ. ಸಾರಾಂಶ ಓದಿ ಮಾತಾಡುವುದಂತೂ ಬೇಡವೇ ಬೇಡ. ಸಾರಾಂಶದಲ್ಲಿ ಉಳಿಯುವುದು ಘಟನೆ ಮಾತ್ರ, "ಧೂಳಿತ್ತಮ್ಮ" ಎಂಬಲ್ಲಿನ "ಅಮ್ಮ" ಅದರಲ್ಲಿ ಬರುವುದಿಲ್ಲ.

ಗುಂಪಿನಲ್ಲಿ ಚರ್ಚಿಸುವಾಗ ಒಂದು ಕಟ್ಟುಪಾಡು ಹಾಕಿಕೊಂಡರೆ ಜಗಳ ಕಡಿಮೆಯಾಗುತ್ತದೆ: ಯಾರು ಏನು ಹೇಳಿದರೂ ಪುಟಸಂಖ್ಯೆ ಹೇಳಬೇಕು. "ಅವಳು ನಂಬಿಕೆಗೆ ಅರ್ಹಳಲ್ಲ" ಎಂದಾಗ "ಎಷ್ಟನೇ ಪುಟ?" ಎಂದು ಕೇಳಿ, ಎಲ್ಲರೂ ಆ ಪುಟ ತೆರೆದು ಒಬ್ಬರು ಗಟ್ಟಿಯಾಗಿ ಓದಿ. ಬಹಳ ಸಲ ಓದುತ್ತಿರುವಾಗಲೇ ಹೇಳಿದವರ ಅಭಿಪ್ರಾಯ ಬದಲಾಗುತ್ತದೆ.

ಕಾದಂಬರಿಗೆ ಹೊಂದಿಸುವಾಗ

ಮೂರು ನಾಲ್ಕು ಸಣ್ಣಕಥೆ ಆದ ಮೇಲೆ ಕಾದಂಬರಿಗೆ ಬನ್ನಿ. 400 ಪುಟಕ್ಕೆ ಇದೇ ಲೆಕ್ಕದಲ್ಲಿ ಟಿಪ್ಪಣಿ ಬರೆದರೆ ಓದು ಹೂತುಹೋಗುತ್ತದೆ. ಅಧ್ಯಾಯಕ್ಕೆ ಒಂದು ಘಟನೆ, ಒಂದು ಕೊಂಡಿ, ಅಷ್ಟೇ ಸಾಲು. ಅಧ್ಯಾಯ ಮುಗಿದ ಕೂಡಲೇ ಬರೆಯಿರಿ, ಎರಡು ನಿಮಿಷ ಸಾಕು. ನಾಲ್ಕು ಕಂಬದ ಹಾಳೆಯನ್ನು ಕಾಲು ಭಾಗ ಓದುವ ತನಕ ತೆರೆಯಬೇಡಿ, ಯಾರ ಮೇಲೆ ಪುಸ್ತಕ ನಿಂತಿದೆ ಎಂಬುದು ಅಷ್ಟರೊಳಗೆ ಖಚಿತವಾಗಿರುವುದಿಲ್ಲ. ಮೂರು ಪ್ರಶ್ನೆಗೆ ಬದಲು ಐದು ಪ್ರಶ್ನೆ, ಸುಮಾರು 80 ಪುಟಕ್ಕೊಂದು. ನಡುವೆ ಒಂದು ತಿಂಗಳು ಪುಸ್ತಕ ಬಿಟ್ಟುಹೋದರೆ ಮತ್ತೆ ಮೊದಲಿನಿಂದ ಓದಬೇಕಿಲ್ಲ. ಕೊಂಡಿಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, ಕೊನೆಯದಾಗಿ ಬರೆದ ಪ್ರಶ್ನೆಯ ಕೆಳಗೆ ಇವತ್ತಿನ ದಿನಾಂಕ ಹಾಕಿ, ಅಲ್ಲಿಂದ ಮುಂದುವರಿಸಿ.